ಕರಡಿಗೆ ಬಡಿಸಿದ ಶೇಂಗಾ ಸಾರು

ಬಹಳ ಹಿಂದೆ, ನಿಮ್ಮ ಅಜ್ಜಿಯ ಅಜ್ಜಿಗೂ ಹಲ್ಲು ಮೂಡಿರದ ಕಾಲಕ್ಕೆ, ಕೆಮ್ಮಣ್ಣೂರು ಅಂತ ಒಂದು ರಾಜ್ಯವಿತ್ತು. ಅಲ್ಲಿ ಮಣ್ಣು ಕೆಂಪು, ಮಣ್ಣಿನೊಳಗೆ ಶೇಂಗಾ. ಗಿಡ ಕಿತ್ತರೆ ಬೇರಿಗೆ ಗೆಜ್ಜೆ ಕಟ್ಟಿದ ಹಾಗೆ ಕಾಯಿ ಜೋತಾಡುತ್ತಿದ್ದವು. ಆ ರಾಜ್ಯದಲ್ಲಿ ಶೇಂಗಾ ಸಾರು ಮಾಡದ ಮನೆಯೇ ಇರಲಿಲ್ಲ. ಒಂದು ಮನೆಯ ಸಾರಿನ ಹಾಗೆ ಇನ್ನೊಂದು ಮನೆಯದು ಇರುತ್ತಲೂ ಇರಲಿಲ್ಲ. ಯಾರ ಮನೆಯದು ಚಲೋ ಅಂತ ಕೇಳಿದರೆ ಜಗಳಕ್ಕೆ ಬರುತ್ತಿದ್ದರು, ಅದಕ್ಕೇ ನಾನು ಕೇಳುವುದಿಲ್ಲ.

ಆ ರಾಜ್ಯದ ಅಂಚಿನಲ್ಲಿ, ಕರಿಗುಡ್ಡದ ಬುಡದಲ್ಲಿ, ಮಲಕಪ್ಪ ಅನ್ನುವ ಒಕ್ಕಲಿಗ ಇದ್ದ. ಅವನ ಹೆಂಡತಿ ಬಾಳವ್ವ, ಮಗಳು ನಿಂಬೆವ್ವ. ಹುಡುಗಿಗೆ ಹದಿನಾರೋ ಹದಿನೇಳೋ. ಮಲಕಪ್ಪ ದೊಡ್ಡ ಆಳು, ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ಗಂಟಲು. ಹೊಲದಲ್ಲಿ ಕೂತು ಶೇಂಗಾ ಬಿಡಿಸುವಾಗ ಮೂರು ಕಾಳಿನ ಕಾಯಿ ಸಿಕ್ಕಿತೋ, ಅದನ್ನು ತಾನು ತಿನ್ನುತ್ತಿರಲಿಲ್ಲ. ಬದುವಿನ ಕಲ್ಲಿನ ಮೇಲೆ ಎತ್ತಿಡುತ್ತಿದ್ದ. "ಇದು ನನ ಮಗಳದು" ಅನ್ನುತ್ತಿದ್ದ. ಕೂಸಿದ್ದಾಗ ಶುರುವಾದ ರೂಢಿ, ಮಗಳು ಎದೆಯುದ್ದ ಬೆಳೆದರೂ ಬಿಟ್ಟಿರಲಿಲ್ಲ.

ಈಗ ಆ ಮನೆಯ ಸಾರಿನ ಮಾತು ಹೇಳಬೇಕು. ಅವಸರ ಮಾಡಬೇಡಿ, ಕತೆ ಎಲ್ಲ ಇದರಲ್ಲೇ ಇದೆ.

ಬಾಳವ್ವ ಶೇಂಗಾವನ್ನು ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಹುರಿಯುವಳು. ಕಾಳು ಚಿಟಪಟ ಅಂದು ಸಿಪ್ಪೆ ಬಿರಿದಾಗ ಮೊರಕ್ಕೆ ಸುರಿದು, ಆರಿದ ಮೇಲೆ ಅಂಗೈಯಲ್ಲಿ ಉಜ್ಜಿ, ಸಿಪ್ಪೆ ಕೇರುವಳು. ನಿಂಬೆವ್ವ ಅದನ್ನು ಒಣಕೊಬ್ಬರಿ, ಬೆಳ್ಳುಳ್ಳಿ, ಜೀರಿಗೆ, ಒಣಮೆಣಸಿನಕಾಯಿ ಜತೆ ಒರಳಿಗೆ ಹಾಕಿ ಬೆಣ್ಣೆಯ ಹಾಗೆ ರುಬ್ಬುವಳು. ಹುಣಸೆಹುಳಿ ಕಿವುಚಿ, ಒಗ್ಗರಣೆ ಕೊಟ್ಟು, ಮಡಕೆಯಲ್ಲಿ ಕುದಿಯಲು ಬಿಟ್ಟರೆ ಸಾರು ಕೊತಕೊತ ಅನ್ನುತ್ತ ದಪ್ಪಗಾಗಿ, ಮೇಲೆ ಎಣ್ಣೆ ತೇಲಿ ಬರುತ್ತಿತ್ತು. ಆ ಘಮಲಿಗೆ ದಾರಿಹೋಕರು ನಿಂತು ಬಾಗಿಲ ಕಡೆ ನೋಡುತ್ತಿದ್ದರು.

ಆದರೆ ಆ ಮನೆಯಲ್ಲಿ ಒಂದು ಕಟ್ಟುನಿಟ್ಟು. ಮೊದಲ ಸೌಟು ಒಲೆಯ ತಾಯಿಗೆ. ಉರಿಗೆ ಒಂದು ಹನಿ ಬೀಳುವ ತನಕ ಅಡುಗೆ ಮಾಡಿದವರು ರುಚಿ ನೋಡುವ ಹಾಗಿಲ್ಲ. ನಾಲಿಗೆಗೆ ಮುಟ್ಟಿಸಿದರೆ ಎಂಜಲಾಯಿತು. ಹೀಗಾಗಿ ಉಪ್ಪು ಹಾಕಿದ್ದಾಯಿತೋ ಇಲ್ಲವೋ ಅಂತ ಬಾಯಲ್ಲಿ ಕೇಳಿಯೇ ತಿಳಿಯಬೇಕು. ತಾಯಿ ಮಗಳು ಇಬ್ಬರೂ ಮಾತಿನ ಮಲ್ಲಿಯರು. ಮಾತಿನ ಭರದಲ್ಲಿ ತಾಯಿ ಒಂದು ಹಿಡಿ ಹಾಕುವಳು. ತಾಯಿ ಆಚೆ ತಿರುಗಿದಾಗ ಮಗಳೂ ಒಂದು ಹಿಡಿ ಹಾಕುವಳು. ಸಾರು ಬಾಯಿಗಿಟ್ಟರೆ ಕಣ್ಣು ಕಿರಿದಾಗುತ್ತಿತ್ತು.

ಅದಕ್ಕೇ ಮಲಕಪ್ಪ ಅಂಗಳದಲ್ಲಿ ಕಾಲು ತೊಳೆಯುತ್ತಲೇ ಕೂಗುತ್ತಿದ್ದ. "ಉಪ್ಪ ಹಾಕೀರೇನ?"

"ಹಾಕೀನ್ರೀ!" ಅಂತ ಬಾಳವ್ವ.

"ಹಾಕೀನಪ್ಪಾ!" ಅಂತ ನಿಂಬೆವ್ವ.

"ಸತ್ವಿ! ಇಬ್ರೂ ಹಾಕೀರಿ!" ಅಂತ ಮಲಕಪ್ಪ ತಲೆ ಚಚ್ಚಿಕೊಂಡು ಒಳಗೆ ಬರುತ್ತಿದ್ದ. ಬೈಯುತ್ತಿರಲಿಲ್ಲ. ನೀರೊಲೆಯ ಹಂಡೆಯಿಂದ ಒಂದು ಚೊಂಬು ಬಿಸಿನೀರು ತರುವನು, ಗೋಡೆಯ ಮಾಡದಲ್ಲಿ ಕೈ ಹಾಕಿ ಲಿಂಬೆಹಣ್ಣಿನ ಗಾತ್ರದ ಬೆಲ್ಲ ತೆಗೆಯುವನು, ಎರಡನ್ನೂ ಸಾರಿಗೆ ಹಾಕಿ ತಾನೇ ತಿರುವಿ ಕುದಿಸುವನು. ಬಾಳವ್ವ ಬೆಲ್ಲವನ್ನು ಮಾಡದಲ್ಲಿ ಮೆಣಸಿನಪುಡಿ ಗಡಿಗೆಯ ಹಿಂದೆ ಬಚ್ಚಿಡುತ್ತಿದ್ದಳು, ಗಂಡ ಬಾಯಾಡಿಸುತ್ತಾನೆ ಅಂತ. ಗಂಡನಿಗೆ ಅದು ಗೊತ್ತೇ ಇತ್ತು. ಆಮೇಲೆ ಮೂವರೂ ನಗುತ್ತ ಉಣ್ಣುತ್ತಿದ್ದರು. ತಿದ್ದಿದ ಮೇಲೆ ಸಾರು ಇನ್ನೂ ರುಚಿ ಅಂತ ಮಲಕಪ್ಪ ಬೆರಳು ನೆಕ್ಕುತ್ತಿದ್ದ.

ಹೀಗಿರುವಾಗ ಕರಿಗುಡ್ಡದ ತುದಿಗೆ ಮಂಪರಾಕ್ಷ ಅನ್ನುವ ಮಾಂತ್ರಿಕ ಬಂದು ಸೇರಿದ. ಎಲ್ಲಿಂದ ಬಂದ, ಯಾರ ಮಗ, ಯಾರಿಗೂ ಗೊತ್ತಿಲ್ಲ. ಬೆತ್ತ ನೆಲಕ್ಕೆ ಕುಟ್ಟಿ ಮಂಜಿನಿಂದಲೇ ಒಂದು ಕೋಟೆ ಕಟ್ಟಿದ. ಅದರ ಊಟದ ಮನೆಯಲ್ಲಿ ಎಲೆಗಳು ತಾವೇ ಹಾಸಿಕೊಳ್ಳುತ್ತಿದ್ದವು, ಸೌಟುಗಳು ತಾವೇ ಬಡಿಸುತ್ತಿದ್ದವು. ಹಸಿದು ದಾರಿಯಲ್ಲಿ ಹೋಗುವವರ ಮೂಗಿಗೆ ಆ ಪರಿಮಳ ದಾರ ಕಟ್ಟಿ ಎಳೆಯುತ್ತಿತ್ತು. ಹೋಗಿ ಕೂತು ಒಂದು ತುತ್ತು ಉಂಡರೆ ಊರು ಮರೆತುಹೋಯಿತು. ಎರಡು ತುತ್ತು ಉಂಡರೆ ಮನೆಯವರು ಮರೆತುಹೋದರು. ಮೂರು ತುತ್ತು ಉಂಡರೆ ತಮ್ಮ ಹೆಸರೇ ಮರೆತು, ಮೈಮೇಲೆ ರೋಮ ಎದ್ದು ಮೃಗವಾದರು. ಆ ಮೃಗಗಳು ಮಂಪರಾಕ್ಷನ ಅಂಗಳ ಗುಡಿಸುತ್ತ, ಗುಡ್ಡದ ಸುತ್ತ ಕಟ್ಟಿಗೆ ಆಯ್ದು ಹೊರುತ್ತ ಅಲ್ಲೇ ಬಿದ್ದಿದ್ದವು.

ರಾಜ ಏನು ಮಾಡಿದ ಅಂತೀರಿ? ಸೈನ್ಯ ಕಳಿಸಿದ. ಸೈನಿಕರು ಹಸಿದಿದ್ದರು, ಉಂಡರು, ಜಿಂಕೆಗಳಾದರು. ತನ್ನ ಅರಮನೆಯ ಬಾಣಸಿಗನನ್ನು ಕಳಿಸಿದ. ಅವನು ರುಚಿ ನೋಡಿ ಮುಂಗುಸಿಯಾದ. ರಾಜ ಕೋಟೆ ಬಾಗಿಲು ಹಾಕಿಕೊಂಡು ಒಳಗೆ ಕೂತ. ದೊಡ್ಡವರ ಹಣೆಬರಹ ಇಷ್ಟೇ.

ಒಂದು ವರ್ಷ ಸುಗ್ಗಿ ಮುಗಿದ ಮೇಲೆ ಮಲಕಪ್ಪ ಬಂಡಿಗೆ ಶೇಂಗಾ ಹೇರಿಕೊಂಡು ಗುಡ್ಡದಾಚೆಯ ಸಂತೆಗೆ ಹೋದ. "ಸಾರಿಗೆ ಇಡ್ರಿ, ಉಣ್ಣಾಕ ಬರ್ತೀನಿ" ಅಂದು ಹೋದ. ಸಂಜೆಗೆ ಎತ್ತುಗಳು ಬಂದವು, ಬಂಡಿ ಬಂತು, ಬಂಡಿಯ ಮೇಲೆ ಮಲಕಪ್ಪ ಇರಲಿಲ್ಲ. ಬಾಳವ್ವ ಒಲೆಯ ಮೇಲಿನ ಸಾರನ್ನು ಇಳಿಸಲೇ ಇಲ್ಲ, ಅದು ತಳ ಹತ್ತಿ ಕರಕಲಾಯಿತು. ಅವತ್ತಿನಿಂದ ಅವಳು ಆ ಮಡಕೆ ಮುಟ್ಟಲಿಲ್ಲ.

"ಉಪ್ಪ ಹಾಕೀಯೇನ ಅಂತ ಕೇಳಾವ್ರ ಇಲ್ಲ. ಯಾರ ಸಲುವಾಗಿ ಮಾಡ್ಲಿ?" ಅನ್ನುತ್ತಿದ್ದಳು.

ಮತ್ತೆ ಶೇಂಗಾ ಕೀಳುವ ಕಾಲ ಬಂತು. ಕಿತ್ತ ಗಿಡ ಹೊಲದಲ್ಲಿ ಒಣಗುತ್ತಿತ್ತು. ಒಂದು ಸಂಜೆ ನಿಂಬೆವ್ವ ಒಟ್ಟಿದ ಗಿಡದ ಗುಂಪೆ ಕಾಯಲು ಹೋದಾಗ ಬದುವಿನ ಮೇಲೆ ಒಂದು ಕರಡಿ ಕೂತಿತ್ತು. ಕಪ್ಪು ಕರಡಿ, ದೊಡ್ಡ ಹೊಟ್ಟೆಯದು. ಹುಡುಗಿ ಹೆದರಿ ಗುಂಪೆಯ ಹಿಂದೆ ಅಡಗಿದಳು. ಕರಡಿಗಳು ಶೇಂಗಾ ಹೊಲಕ್ಕೆ ಬಿದ್ದರೆ ಕಾಯಿ, ಮಣ್ಣು, ಬೇರು ಎಲ್ಲ ಸೇರಿಸಿ ಮುಕ್ಕುತ್ತವೆ. ಈ ಕರಡಿ ಹಾಗೆ ಮಾಡಲಿಲ್ಲ. ಒಂದೊಂದೇ ಕಾಯಿ ಎತ್ತಿಕೊಂಡು, ಅದರ ತುದಿಯನ್ನು ಉಗುರಲ್ಲಿ ಒತ್ತಿ ಟಪ್ ಅಂತ ಒಡೆದು, ಉಫ್ ಅಂತ ಊದಿ ತಿಂದಿತು. ಮೂರು ಕಾಳಿನ ಕಾಯಿ ಸಿಕ್ಕಾಗ ಅದನ್ನು ತಿನ್ನಲಿಲ್ಲ. ಬದುವಿನ ಕಲ್ಲಿನ ಮೇಲೆ ಇಟ್ಟಿತು.

ನಿಂಬೆವ್ವ ಗುಂಪೆಯ ಹಿಂದಿನಿಂದ ಎದ್ದು ನಿಂತಳು. "ಅಪ್ಪಾ!" ಅಂತ ಕೂಗಿದಳು. ಕರಡಿ ಬೆಚ್ಚಿ ಗುರ್ರೆಂದು ಗುಡ್ಡದ ಕಡೆ ಓಡಿತು. ಕಲ್ಲಿನ ಮೇಲೆ ಮೂರು ಕಾಳಿನ ಕಾಯಿಗಳ ಗುಡ್ಡೆ ಉಳಿಯಿತು. ಅವಳು ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ಓಡಿದಳು.

"ಯವ್ವಾ, ಅಪ್ಪ ಕರಡಿ ಆಗ್ಯಾನ. ಮಂಪರಾಕ್ಷನ ಅನ್ನ ಉಂಡು ಕರಡಿ ಆಗ್ಯಾನ!"

"ಏನರೆ ಒದರಬ್ಯಾಡ" ಅಂದಳು ಬಾಳವ್ವ. ಮಗಳು ಸೆರಗು ಬಿಚ್ಚಿದಳು. ಬಾಳವ್ವ ಆ ಕಾಯಿಗಳನ್ನು ನೋಡಿದಳು, ಒಂದು ಕೈಗೆ ತಗೊಂಡಳು, ಹಾಗೇ ಹೊಸ್ತಿಲ ಮೇಲೆ ಕೂತುಬಿಟ್ಟಳು. ಬಹಳ ಹೊತ್ತು ಅತ್ತಳು.

"ನಾ ಹೋಗಿ ಕರ್ಕೊಂಡು ಬರ್ತೀನವ್ವಾ" ಅಂದಳು ನಿಂಬೆವ್ವ.

ತಾಯಿ ಬೇಡ ಅನ್ನಲಿಲ್ಲ. ಹುರಿದ ಶೇಂಗಾ, ಕೊಬ್ಬರಿ, ಹುಣಸೆಹಣ್ಣು, ಮೆಣಸಿನಕಾಯಿ, ಉಪ್ಪು, ಒಂದು ಸಣ್ಣ ಮಡಕೆ, ದಾರಿಗೆ ಗಟ್ಟಿಯಾಗಿ ಒಣಗಿದ ಕಟಿ ರೊಟ್ಟಿ ಎಲ್ಲ ಸೇರಿಸಿ ಗಂಟು ಕಟ್ಟಿಕೊಟ್ಟಳು. "ಅಲ್ಲಿ ಏನೂ ಬಾಯಾಗ ಹಾಕಬ್ಯಾಡ. ಹೋಗ್ತೀನಿ ಅನಬ್ಯಾಡ, ಹೋಗಿ ಬರ್ತೀನಿ ಅನ್ನು" ಅಂದಳು.

"ಹೋಗಿ ಬರ್ತೀನವ್ವಾ."

ಮಂಜಿನ ಕೋಟೆಯ ಬಾಗಿಲಲ್ಲಿ ಒಂದು ದಪ್ಪ ಮುಂಗುಸಿ ಕಾವಲಿತ್ತು. ಹಿಂದೆ ರಾಜನ ಬಾಣಸಿಗ ಅಂತ ಹೇಳಿದೆನಲ್ಲ, ಅವನೇ. ಮುಂಗುಸಿಯಾದರೂ ಮಾತು ಉಳಿದಿತ್ತು, ಯಾಕಂದರೆ ಅವನು ಮೂರು ತುತ್ತನ್ನೂ ರುಚಿ ನೋಡಿದ್ದು ನಾಲಿಗೆಯ ತುದಿಯಿಂದ ಮಾತ್ರ.

"ಬಂದ ದಾರಿ ಹಿಡಿ ಮಗಳೇ" ಅಂದಿತು ಮುಂಗುಸಿ. "ಒಳಗೆ ಹೋದವರು ಎರಡು ಕಾಲಲ್ಲಿ ಹೊರಗೆ ಬಂದಿಲ್ಲ."

"ನಮ್ಮಪ್ಪ ಒಳಗದಾನ್ರೀ ಅಣ್ಣಾರ. ಕರಡಿ ಆಗ್ಯಾನ. ಮೂರು ಕಾಳಿನ ಕಾಯಿ ನನಗಂತ ಎತ್ತಿಟ್ಟಿದ್ದ. ನೆನಪು ಐತಿ ಅವನಿಗೆ."

ಮುಂಗುಸಿ ನಿಟ್ಟುಸಿರು ಬಿಟ್ಟಿತು. "ಅದು ಕೈಯ ರೂಢಿ ತಾಯಿ. ತಲೆ ಮೊದಲು ಮರೆಯುತ್ತದೆ, ಕೈ ತಡವಾಗಿ. ಯಾರಿಗಾಗಿ ಎತ್ತಿಡುತ್ತಾನೋ ಅವನಿಗೆ ಗೊತ್ತಿಲ್ಲ." ಆಮೇಲೆ ಅವಳ ಮುಖ ನೋಡಿ ಬಾಗಿಲು ತೆಗೆಯಿತು.

ಒಳಗೆ ಚಿರತೆಗಳು ನೆಲ ಸಾರಿಸುತ್ತಿದ್ದವು. ಜಿಂಕೆಗಳು ನೀರು ಹೊರುತ್ತಿದ್ದವು. ದೊಡ್ಡ ಹೊಟ್ಟೆಯ ಕರಡಿ ಸೌದೆ ಒಟ್ಟುತ್ತಿತ್ತು. ಮಂಪರಾಕ್ಷ ಮಂಜಿನ ಮಂಚದ ಮೇಲೆ ಕೂತಿದ್ದ, ಸಣಕಲ ಮನುಷ್ಯ, ಕೈಯಲ್ಲಿ ಬೆತ್ತ.

"ಏನಮ್ಮ, ಹಸಿದಿದ್ದೀಯಾ? ಕೂತ್ಕೋ, ಉಣ್ಣು" ಅಂದ.

"ನಾ ಉಣ್ಣಾಕ ಬಂದಿಲ್ಲ. ಉಣಸಾಕ ಬಂದೀನಿ" ಅಂದಳು ನಿಂಬೆವ್ವ. "ಆ ಕರಡಿ ನಮ್ಮಪ್ಪ. ಅವನಿಗೆ ನಮ್ಮ ಮನಿ ಸಾರು ಮಾಡಿ ಹಾಕ್ತೀನಿ. ನೆನಪಾದ್ರ ನನ ಜೋಡಿ ಕಳಸಬೇಕು."

ಮಂಪರಾಕ್ಷ ನಕ್ಕ. ಬಹಳ ದಿನದಿಂದ ಮುಂಗುಸಿ ಬಿಟ್ಟು ಅವನ ಜತೆ ಯಾರೂ ಮಾತಾಡಿರಲಿಲ್ಲ, ಮೃಗಗಳು ಏನು ಮಾತಾಡುತ್ತವೆ? "ಆಗಲಿ. ಮೂರು ಸಲ ಮಾಡು. ಆ ಕರಡಿ ಒಂದೇ ಒಂದು ಮನೆಯ ಮಾತು ಆಡಿದರೂ ನಾನು ಸೋತೆ. ನನ್ನ ಮಾಯೆ ನಿಂತಿರುವುದೇ ಮರೆವಿನ ಮೇಲೆ. ಒಬ್ಬನಿಗೆ ಮನೆ ನೆನಪಾದರೆ ಎಲ್ಲರಿಗೂ ನೆನಪಾಗುತ್ತದೆ. ಮೂರು ಸಲವೂ ಸೋತರೆ ನೀನು ನನ್ನ ಎಲೆಯಲ್ಲಿ ಉಣ್ಣಬೇಕು, ಇಲ್ಲೇ ಇರಬೇಕು."

"ಆಗಲಿ" ಅಂದಳು ಹುಡುಗಿ.

ಮೊದಲನೆಯ ಅಡುಗೆಗೆ ಮುಂಗುಸಿ ಬುದ್ಧಿ ಹೇಳಲು ಬಂತು. "ನಿನ್ನ ಗಂಟು ಅತ್ತ ಇಡು. ಇಲ್ಲಿಯ ಉಗ್ರಾಣ ನೋಡು, ರಾಜನಿಗೂ ಸಿಗದ ಸಾಮಾನು! ಗೋಡಂಬಿ ಹಾಕು, ಕೇಸರಿ ಹಾಕು, ಎಣ್ಣೆ ಬದಲು ತುಪ್ಪ ಸುರಿ. ಅಂಥ ಸಾರು ಉಂಡರೆ ಕಲ್ಲೂ ಮಾತಾಡುತ್ತದೆ!" ಪಾಪ, ಅದರ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ. ಅರಮನೆಯ ಅಡುಗೆಯವರಿಗೆ ತುಪ್ಪ ಬಿಟ್ಟರೆ ಬೇರೆ ದಾರಿ ಗೊತ್ತಿಲ್ಲ.

ನಿಂಬೆವ್ವ ಹಾಗೇ ಮಾಡಿದಳು. ಸಾರು ಬಂಗಾರದ ಬಣ್ಣಕ್ಕೆ ತಿರುಗಿತು. ಮಂಪರಾಕ್ಷ ಹತ್ತಿರ ಬಂದು ಮೆಲ್ಲಗೆ ಹೇಳಿದ, "ಉಪ್ಪು ಸರಿಯಾಗಿದೆಯಾ ನೋಡಮ್ಮ. ಒಂದು ಹನಿ ಅಂಗೈಗೆ ಹಾಕಿಕೊಂಡು ನೆಕ್ಕು."

"ನಮ್ಮ ಮನ್ಯಾಗ ರುಚಿ ನೋಡಂಗಿಲ್ಲ" ಅಂದಳು ನಿಂಬೆವ್ವ, ಮೊದಲ ಸೌಟು ಉರಿಗೆ ಚೆಲ್ಲಿದಳು. ಉರಿ ಹಸಿರಾಗಿ ಬುಸ್ಸೆಂದಿತು. ಆಗ ಅವಳಿಗೆ ತಿಳಿಯಿತು, ಉಗ್ರಾಣದ ಪ್ರತಿ ಕಾಳಿನಲ್ಲೂ ಮಾಟವಿತ್ತು ಅಂತ. ನೆಕ್ಕಿದ್ದರೆ ಅವಳ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಮಂಪರಾಕ್ಷ ಹಲ್ಲು ಕಡಿದ. ಕರಡಿ ಬಂದು ಮೂಸಿ, ಮುಖ ತಿರುಗಿಸಿ, ಸೌದೆ ಒಟ್ಟಲು ಹೋಯಿತು.

ಎರಡನೆಯ ಅಡುಗೆಗೆ ನಿಂಬೆವ್ವ ತನ್ನ ಗಂಟು ಬಿಚ್ಚಿದಳು. ಅವ್ವ ಹುರಿದ ಶೇಂಗಾ, ಅವ್ವನ ಮೆಣಸಿನಕಾಯಿ, ತಮ್ಮ ಮಡಕೆ. ಕೋಟೆಯ ಹೊರಗಿನ ಚಿಲುಮೆಯಿಂದ ನೀರು ತಂದಳು. ಯಾರ ಜತೆಗೂ ಒಂದು ಮಾತಾಡದೆ, ತುಟಿ ಬಿಗಿದುಕೊಂಡು, ಎಲ್ಲವನ್ನೂ ಚಪ್ಪಡಿ ಕಲ್ಲಿನ ಮೇಲೆ ಅರೆದು, ಅಳೆದು ಹಾಕಿದಳು. ಉಪ್ಪನ್ನೂ ಒಂದೇ ಒಂದು ಸಲ, ಒಂದೇ ಹಿಡಿ. ಅಂಥ ಚೊಕ್ಕ ಸಾರನ್ನು ಅವಳು ಹುಟ್ಟಿದಂದಿನಿಂದ ಮಾಡಿರಲಿಲ್ಲ. ಒಲೆಗೆ ಕೊಟ್ಟು ಕರಡಿಗೆ ಬಡಿಸಿದಳು.

ಕರಡಿ ಉಂಡಿತು. ಮಡಕೆ ನೆಕ್ಕಿತು. ಅವಳ ಕೈಯನ್ನೂ ನೆಕ್ಕಿ, ತಲೆಯನ್ನು ಅವಳ ತೊಡೆಯ ಮೇಲಿಟ್ಟು ಮಲಗಿತು.

"ಅಪ್ಪಾ, ನಾನು. ನಿಂಬಿ" ಅಂದಳು ಅವಳು, ಅದರ ಕಿವಿ ಸವರುತ್ತ. ಕರಡಿ ಕಣ್ಣು ತೆರೆದು ನೋಡಿತು. ಹೊಟ್ಟೆ ತುಂಬಿದ ಮೃಗ, ಉಣಿಸಿದವರನ್ನು ನೋಡುವ ಹಾಗೆ ನೋಡಿತು, ಅಷ್ಟೇ. ನಿಂಬೆವ್ವನಿಗೆ ದುಃಖ ಉಕ್ಕಿ ಬಂತು. ಸಿಟ್ಟು ಮಾಡಿಕೊಂಡು ಅದು ಕಚ್ಚಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಅದರ ರೋಮದಲ್ಲಿ ಮುಖ ಹುದುಗಿಸಿ ಬಿಕ್ಕಿ ಬಿಕ್ಕಿ ಅತ್ತಳು.

"ಎರಡಾಯಿತು" ಅಂದ ಮಂಪರಾಕ್ಷ.

ನಿಂಬೆವ್ವ ಕಣ್ಣೊರೆಸಿಕೊಂಡು ಕೂತು ಯೋಚಿಸಿದಳು. ಶೇಂಗಾ ನಮ್ಮದೇ, ಮಡಕೆ ನಮ್ಮದೇ, ಕೈ ನನ್ನದೇ. ಮತ್ತೆ ಏನು ಕಡಿಮೆಯಾಯಿತು? ಅವ್ವ ಇರಲಿಲ್ಲ. ಒರಳಿನ ಗುಡುಗುಡು ಇರಲಿಲ್ಲ. ಯಾರ ಮಾತೂ ಇರಲಿಲ್ಲ.

ಅವಳು ಎದ್ದು ನಿಂತಳು. "ಮೂರನೇದು ನಮ್ಮ ಮನ್ಯಾಗ ಮಾಡ್ತೀನಿ. ಮನಿ ಸಾರು ಅಂತ ಮಾತಾಗೈತಿ. ಮನಿ ಇಲ್ಲದ ಮನಿ ಸಾರು ಹೆಂಗ ಆಗ್ತೈತಿ?"

ಮಂಪರಾಕ್ಷ ಹುಬ್ಬು ಗಂಟಿಕ್ಕಿ, ಆಮೇಲೆ ನಕ್ಕ. "ಬರುತ್ತೇನೆ ನಡಿ. ಆದರೆ ಸೋತರೆ ನಿನ್ನ ಜತೆ ನಿನ್ನ ತಾಯಿಯೂ ನನ್ನ ಎಲೆಯಲ್ಲಿ ಉಣ್ಣಬೇಕು."

ಅವ್ವನನ್ನು ಪಣಕ್ಕಿಡುವುದು ಹುಡುಗಿಗೆ ಬೇಡವಾಗಿತ್ತು. ಆದರೆ ಅಪ್ಪನಿಲ್ಲದ ಮನೆಯಲ್ಲಿ ಅವ್ವ ಹೇಗೆ ಕೂತಿರುತ್ತಾಳೆ ಅಂತ ಅವಳಿಗೆ ಗೊತ್ತಿತ್ತು. "ನಡೀರಿ" ಅಂದಳು.

ನೋಡಿ ಆ ಮೆರವಣಿಗೆಯನ್ನು. ಮುಂದೆ ನಿಂಬೆವ್ವ, ಅವಳ ಹಿಂದೆ ಕರಡಿ, ಕರಡಿಯ ಹಿಂದೆ ಬೆತ್ತ ಹಿಡಿದ ಮಾಂತ್ರಿಕ, ಕೊನೆಗೆ ಉಸ್ಸಪ್ಪಾ ಅನ್ನುತ್ತ ಮುಂಗುಸಿ. ಊರಿನವರೆಲ್ಲ ಬಾಗಿಲು ಹಾಕಿಕೊಂಡು ಕಿಟಕಿಯಲ್ಲಿ ಇಣುಕಿದರು. ಬಾಳವ್ವ ಮಾತ್ರ ಬಾಗಿಲು ತೆರೆದು ನಿಂತಿದ್ದಳು. ಕರಡಿಯನ್ನು ಮೇಲಿಂದ ಕೆಳಗೆ ನೋಡಿದಳು.

"ಎಷ್ಟ ಸೊರಗೀರಿ" ಅಂದಳು. ಕರಡಿಗೆ! ಆಮೇಲೆ ಸೆರಗು ಸೊಂಟಕ್ಕೆ ಸಿಗಿಸಿ ಮಗಳ ಕಡೆ ತಿರುಗಿ, "ಒಲಿ ಹಚ್ಚು" ಅಂದಳು.

ಕರಡಿಯನ್ನು ಅಡುಗೆಮನೆಯ ಮೂಲೆಯಲ್ಲಿ, ಮಲಕಪ್ಪ ಕೂರುತ್ತಿದ್ದ ಜಾಗದಲ್ಲೇ ಕೂರಿಸಿದರು. ಮಂಪರಾಕ್ಷ ಬಾಗಿಲಿಗೆ ಅಡ್ಡವಾಗಿ ಕೂತ. ಬಾಳವ್ವ ಹಂಚಿಟ್ಟು ಶೇಂಗಾ ಹುರಿದಳು. ನಿಂಬೆವ್ವ ಒರಳಿನಲ್ಲಿ ಗುಡುಗುಡು ರುಬ್ಬಿದಳು. ವರ್ಷದಿಂದ ಮೂಲೆ ಸೇರಿದ್ದ ದೊಡ್ಡ ಮಡಕೆ ಕರಕಲು ಉಜ್ಜಿಸಿಕೊಂಡು ಒಲೆ ಏರಿತು. ಕೈಗೆ ಕೆಲಸ ಬಂದದ್ದೇ ತಡ, ಬಾಯಿಗೂ ಕೆಲಸ ಬಂತು. ಮಾತು ಎಲ್ಲಿತ್ತೋ ಏನೋ, ಕಟ್ಟೆ ಒಡೆದ ಹಾಗೆ ಬಂತು.

"ಅಲ್ಲಿ ಏನರೆ ತಿಂದೀಯೇನ ಕೂಸ?"

"ನಿನ್ನ ಕಟಿ ರೊಟ್ಟಿ ಬಿಟ್ಟು ಒಂದು ಹನಿ ಮುಟ್ಟಿಲ್ಲ. ಆ ಮುಂಗುಸಿ ಸಾರಿಗೆ ಕೇಸರಿ ಹಾಕಸಿತವ್ವಾ!"

"ಕೇಸರಿ! ಶೇಂಗಾ ಸಾರಿಗೆ! ಇವನ ಮೂತಿಗೆ ಮಣ್ಣ ಹಾಕಲಿ!"

ಬಾಗಿಲ ಹಿಂದೆ ಮುಂಗುಸಿ ಬಾಲ ಮಡಚಿಕೊಂಡು ಕೂತಿತು. ಹೀಗೆ ಬೈಯುತ್ತ ಬೈಯುತ್ತಲೇ ಬಾಳವ್ವ ಒಂದು ಹಿಡಿ ಉಪ್ಪು ಹಾಕಿದಳು. ಕಣ್ಣಂಚಿನಲ್ಲಿ ಕರಡಿಯನ್ನು ನೋಡಿ, ಕಣ್ಣೀರು ಬಂದು, ಒರೆಸಿಕೊಳ್ಳಲು ಆಚೆ ತಿರುಗಿದಳು. ಆಗ ನಿಂಬೆವ್ವ ಒಂದು ಹಿಡಿ ಉಪ್ಪು ಹಾಕಿದಳು. ಅಂಗಳದಿಂದ ಯಾರೂ ಕೂಗಿ ಕೇಳಲಿಲ್ಲ. ಸಾರು ಕುದಿಯಿತು, ಎಣ್ಣೆ ತೇಲಿತು, ಘಮಲು ಓಣಿ ತುಂಬಿತು. ಒಲೆಗೆ ಮೊದಲ ಸೌಟು ಬಿತ್ತು, ಕರಡಿಗೆ ತಟ್ಟೆ ತುಂಬ ಬಡಿಸಿದರು.

"ನನಗೂ ಹಾಕಿ, ನೋಡೋಣ" ಅಂದ ಮಂಪರಾಕ್ಷ. ಒಂದು ತುತ್ತು ಬಾಯಿಗಿಟ್ಟ. ಮರುಕ್ಷಣವೇ ಥೂ ಅಂತ ಉಗಿದ. "ಇದೇನು, ಬರೀ ಉಪ್ಪು! ಇಷ್ಟಕ್ಕೆ ಗುಡ್ಡ ಇಳಿಸಿ ಕರೆತಂದಿರಾ?" ಅಂತ ಹೊಟ್ಟೆ ಹಿಡಿದು ನಕ್ಕ.

ತಾಯಿ ಮಗಳ ಮುಖ ಬಿಳಿಚಿತು.

"ನಾ ಹಾಕಿದ್ನಲ್ಲೇ" ಅಂದಳು ಬಾಳವ್ವ.

"ನಾನೂ ಹಾಕಿದೆ ಯವ್ವಾ" ಅಂದಳು ನಿಂಬೆವ್ವ. "ನಾನ ಕೆಡಿಸಿದೆ. ಕೊನೀಗೆ ನಾನ ಕೆಡಿಸಿದೆ."

ಬಾಳವ್ವ ಮಗಳನ್ನು ಎದೆಗೆ ಅವುಚಿಕೊಂಡಳು. "ಇರಲಿ ಬಿಡು ನನ ಕೂಸ. ಮೂರೂ ಮಂದಿ ಒಂದ ಕಡೆ ಇರ್ತೀವಲ್ಲ. ಮೃಗ ಆದ್ರ ಆಗಲಿ" ಅಂದಳು. ಮಂಪರಾಕ್ಷ ಎದ್ದು ನಿಂತ, ಬೆತ್ತ ಎತ್ತಿದ.

ಆಗ ಕರಡಿ ಎದ್ದಿತು.

ಅದು ಒಂದು ತುತ್ತು ಉಂಡಿತ್ತು. ಕಣ್ಣು ಕಿರಿದಾಗಿದ್ದವು. ತಟ್ಟೆ ನೋಡಿತು, ಮಡಕೆ ನೋಡಿತು. ಮಾಂತ್ರಿಕನನ್ನು ದಾಟಿಕೊಂಡು ಹಿತ್ತಲಿಗೆ ಹೋಯಿತು. ನೀರೊಲೆಯ ಹಂಡೆಗೆ ಚೊಂಬು ಅದ್ದಿ, ಎರಡು ಪಂಜಗಳಲ್ಲಿ ಹಿಡಿದುಕೊಂಡು, ತುಳುಕಿಸುತ್ತ ಬಂತು. ಬಿಸಿನೀರನ್ನು ಮಡಕೆಗೆ ಸುರಿಯಿತು. ಆಮೇಲೆ ಗೋಡೆಯ ಮಾಡದ ಹತ್ತಿರ ಹೋಗಿ, ಮೆಣಸಿನಪುಡಿ ಗಡಿಗೆಯ ಹಿಂದೆ ಕೈ ಹಾಕಿ, ಬೆಲ್ಲ ತೆಗೆಯಿತು.

"ಹ್ಹಹ್ಹ! ಕರಡಿಗೆ ಬೆಲ್ಲದ ವಾಸನೆ ಬಂತು, ಅಷ್ಟೇ" ಅಂದ ಮಂಪರಾಕ್ಷ. "ಈಗ ತಿನ್ನುತ್ತದೆ ನೋಡಿ."

ಕರಡಿಗೆ ಬೆಲ್ಲ ಸಿಕ್ಕರೆ ಬಿಡುತ್ತದೆಯೇ? ನೀವೇ ಹೇಳಿ. ಆದರೆ ಈ ಕರಡಿ ಲಿಂಬೆಹಣ್ಣಿನಷ್ಟು ಮುರಿಯಿತು. ಮೂಗಿನ ಹತ್ತಿರ ಹಿಡಿಯಿತು. ತಿನ್ನಲಿಲ್ಲ. ಸಾರಿಗೆ ಹಾಕಿತು. ಸೌಟು ಹಿಡಿದು ಮೆಲ್ಲಗೆ ತಿರುವತೊಡಗಿತು. ತಿರುವುತ್ತ ತಿರುವುತ್ತ ಅದರ ಪಂಜದ ರೋಮ ಉದುರಿ ಬೆರಳು ಕಂಡವು, ತೋಳು ಕಂಡಿತು, ಬೆನ್ನು ಕಂಡಿತು. ಮತ್ತೆ ಗಂಟಲೊಳಗಿಂದ ಗುಡುಗಿದ ಹಾಗೆ ಒಂದು ಮಾತು ಬಂತು.

"ಸತ್ವಿ! ಇಬ್ರೂ ಹಾಕೀರಿ!"

ಬಾಳವ್ವ ಮಗಳನ್ನು ಬಿಟ್ಟು ಎರಡು ಹೆಜ್ಜೆ ಮುಂದೆ ಬಂದಳು. "ಹೌದ್ರೀ" ಅಂದಳು, ನಗುತ್ತ, ಅಳುತ್ತ. "ಇಬ್ರೂ ಹಾಕೀವಿ."

"ಅಪ್ಪಾ!" ಅಂತ ನಿಂಬೆವ್ವ ಹೋಗಿ ತಬ್ಬಿಕೊಂಡಳು. ಮಲಕಪ್ಪ ಒಂದು ಕೈಯಲ್ಲಿ ಮಗಳನ್ನು ಹಿಡಿದುಕೊಂಡ, ಇನ್ನೊಂದು ಕೈಯಲ್ಲಿ ಸೌಟು ಬಿಡಲಿಲ್ಲ. ಅಷ್ಟು ದಿನ ಎಲ್ಲಿದ್ದೆ, ಏನಾಗಿದ್ದೆ, ಒಂದೂ ಕೇಳಲಿಲ್ಲ. "ತಳ ಹತ್ತತೈತಿ, ತಡಿ" ಅಂದ. ಅಂದ ಮೇಲೆ ಅವನೂ ಗಳಗಳ ಅತ್ತ.

ಕರಿಗುಡ್ಡದ ಮೇಲೆ ಕೋಟೆ ಬಿಸಿಲಿಗೆ ಮಂಜು ಕರಗಿದ ಹಾಗೆ ಕರಗಿತು. ಜಿಂಕೆಗಳು ಸೈನಿಕರಾದವು, ಚಿರತೆಗಳು ಬಂಡಿಕಾರರಾದವು, ಎಲ್ಲರಿಗೂ ಒಮ್ಮೆಲೇ ಅವರವರ ಮನೆ ನೆನಪಾಗಿ ಗುಡ್ಡದಿಂದ ಓಡೋಡಿ ಇಳಿದರು. ಬಾಗಿಲ ಹಿಂದಿದ್ದ ಮುಂಗುಸಿ ದಪ್ಪ ಬಾಣಸಿಗನಾಗಿ ಎದ್ದು ನಿಂತು, ಮೊದಲು ಮಾಡಿದ ಕೆಲಸವೆಂದರೆ ಬಾಳವ್ವನ ಕಾಲಿಗೆ ಬಿದ್ದದ್ದು. "ಇನ್ನು ಮೇಲೆ ಶೇಂಗಾ ಸಾರಿಗೆ ಕೇಸರಿ ಹಾಕುವುದಿಲ್ಲ ತಾಯಿ" ಅಂದ.

ಮಂಪರಾಕ್ಷನ ಬೆತ್ತ ಬರೀ ಕೋಲಾಗಿತ್ತು. ಅದನ್ನು ಎಷ್ಟು ಕುಟ್ಟಿದರೂ ಏನೂ ಆಗಲಿಲ್ಲ. ಮಾಯೆ ಹೋದ ಮೇಲೆ ನೋಡಿದರೆ ಅವನು ಸಣಕಲ ಮುದುಕ, ಅಷ್ಟೇ. ಎಲ್ಲರೂ ಉಣ್ಣಲು ಕೂತಾಗ ಅವನು ಜಗಲಿಯ ತುದಿಯಲ್ಲಿ ತಲೆ ತಗ್ಗಿಸಿ ಕೂತಿದ್ದ. ನಾನಾಗಿದ್ದರೆ ಅದೇ ಕೋಲಿನಿಂದ ನಾಲ್ಕು ಬಿಟ್ಟು ಓಡಿಸುತ್ತಿದ್ದೆ, ಸುಳ್ಳು ಯಾಕೆ ಹೇಳಲಿ. ಬಾಳವ್ವ ಅವನ ಮುಂದೆ ಒಂದು ತಟ್ಟೆ ಇಟ್ಟಳು.

"ಉಣ್ರಿ. ಈಗ ಉಪ್ಪು ಸರಿ ಐತಿ" ಅಂದಳು.

ಅವನು ಒಂದು ತುತ್ತು ಉಂಡ. ಕಣ್ಣಲ್ಲಿ ನೀರು ಬಂತು. ಖಾರಕ್ಕೋ ಬೇರೆ ಯಾತಕ್ಕೋ, ನಾನು ಕೇಳಲಿಲ್ಲ. ಪೂರ್ತಿ ಉಂಡು, ತನ್ನ ತಟ್ಟೆ ತಾನೇ ತೊಳೆದು ಬೋರಲಿಟ್ಟ. ಆಮೇಲೆ ಅದೇ ಊರಿನ ಹೊಲಗಳಲ್ಲಿ ಕೋಲು ಹಿಡಿದು ಹಂದಿ ಓಡಿಸುವ ಕೆಲಸಕ್ಕೆ ನಿಂತ. ಚಲೋ ಓಡಿಸುತ್ತಿದ್ದನಂತೆ.

ಕೆಮ್ಮಣ್ಣೂರಿನಲ್ಲಿ ಅಂದಿನಿಂದ ದಾರಿ ತಪ್ಪಿದವರು ಯಾರೂ ಇರಲಿಲ್ಲ. ಮಲಕಪ್ಪನ ಮನೆಯಲ್ಲಿ ಒಲೆ ಉರಿಯಿತು, ಒರಳು ಗುಡುಗಿತು. ಬದುವಿನ ಕಲ್ಲಿನ ಮೇಲೆ ಮೂರು ಕಾಳಿನ ಕಾಯಿಗಳು ಮತ್ತೆ ಗುಡ್ಡೆಯಾದವು. ದಿನಾ ಸಂಜೆ ಅಂಗಳದಿಂದ "ಉಪ್ಪ ಹಾಕೀರೇನ?" ಅನ್ನುವ ಕೂಗು ಬರುತ್ತಿತ್ತು. ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡು, ನಗು ತಡೆದುಕೊಂಡು, ಬೇಕಂತಲೇ ಇಬ್ಬರೂ ಒಟ್ಟಿಗೆ "ಹಾಕೀವಿ!" ಅನ್ನುತ್ತಿದ್ದರು.

ಅವರು ಅಲ್ಲಿ ಉಂಡು ತಣ್ಣಗಿದ್ದರು. ನನ್ನ ಕತೆಯೂ ಒಲೆಯಿಂದ ಇಳಿಯಿತು. ಉಪ್ಪು ಕಡಿಮೆ ಅನ್ನಿಸಿದರೆ ಹಾಕಿಕೊಳ್ಳಿ, ನಾನಂತೂ ರುಚಿ ನೋಡಿಲ್ಲ.